ಹೈಸ್ಕೂಲ್ ಇಂಗ್ಲಿಷ್: ವ್ಯಾಕರಣವನ್ನೂ ಪ್ಯಾಸೇಜನ್ನೂ ಒಟ್ಟಿಗೆ ಕಲಿಯುವ ಕ್ರಮ

ಟೆನ್ಸ್‌ನ ಹನ್ನೆರಡು ರೂಪಗಳನ್ನು ತಡವರಿಸದೆ ಒಪ್ಪಿಸುವ ಒಂಬತ್ತನೆಯ ಅಥವಾ ಹತ್ತನೆಯ ತರಗತಿಯ ವಿದ್ಯಾರ್ಥಿ, ಹಿಂದೆ ಓದಿರದ ಪ್ಯಾಸೇಜ್ ಎದುರಿಗೆ ಬಂದ ಕೂಡಲೇ ಪ್ರಶ್ನೆಯಲ್ಲಿರುವ ಯಾವುದಾದರೂ ಒಂದು ಪದವನ್ನು ಅದರಲ್ಲಿ ಹುಡುಕಿ, ಆ ಪದವಿರುವ ಸಾಲನ್ನು ಇದ್ದ ಹಾಗೆಯೇ ಉತ್ತರಪತ್ರಿಕೆಗೆ ಇಳಿಸುತ್ತಾನೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವವರಿಗೂ, ಸಂಜೆ ಮಕ್ಕಳನ್ನು ಓದಲು ಕೂರಿಸುವ ಅಕ್ಕ ಅಣ್ಣಂದಿರಿಗೂ ಇದು ಹೊಸ ಸಂಗತಿಯಲ್ಲ. ತೊಡಕಿರುವುದು ಕಲಿಕೆಯ ಕ್ರಮದಲ್ಲಿ. ಗ್ರಾಮರಿಗೊಂದು, ಪಾಠಕ್ಕೊಂದು ಎಂದು ಎರಡು ನೋಟ್‌ಬುಕ್ ಇಟ್ಟು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕಲಿಯುವುದರಿಂದ, ಓದುವಾಗ ವ್ಯಾಕರಣ ನೆರವಿಗೆ ಬರುವುದಿಲ್ಲ.

ಈ ಮಾರ್ಗದರ್ಶಿಯಲ್ಲಿ ವ್ಯಾಕರಣವನ್ನು ಓದಿನ ಸಾಧನವಾಗಿಯೇ ಬಳಸಲಾಗಿದೆ. ನಮ್ಮ ಭಾಗದ ಮಕ್ಕಳು ಮನೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಹೀಗೆ ಯಾವ ಮಾತನ್ನಾಡಿದರೂ ಕ್ರಿಯಾಪದ ಬರುವುದು ವಾಕ್ಯದ ಕೊನೆಯಲ್ಲಿ. ಇಂಗ್ಲಿಷಿನಲ್ಲಿ ಅದು ಕರ್ತೃವಿನ ಬೆನ್ನಿಗೇ ನಿಲ್ಲುತ್ತದೆ. ಓದುವಾಗ ಆಗುವ ಗೊಂದಲಗಳಲ್ಲಿ ಬಹುಪಾಲು ಈ ಒಂದು ವ್ಯತ್ಯಾಸದಿಂದ ಹುಟ್ಟುವುದರಿಂದ, ಟೆನ್ಸ್ ಪಟ್ಟಿಗಿಂತ ಮೊದಲು ಕ್ರಿಯಾಪದವನ್ನು ಗುರುತಿಸುವುದನ್ನು ಕಲಿಯಬೇಕು.

ಬೇಕಾಗುವ ಸಾಮಗ್ರಿ

200 ಪುಟದ ಒಂದೇ ನೋಟ್‌ಬುಕ್ ಸಾಕು. ಎಡಪುಟದಲ್ಲಿ ಪ್ಯಾಸೇಜ್, ಬಲಪುಟದಲ್ಲಿ ಅದರ ಮೇಲಿನ ಕೆಲಸ. ಇದರ ಜೊತೆಗೆ ಪೆನ್ಸಿಲ್, ಕೆಂಪು ಪೆನ್ನು, ಇಂಗ್ಲಿಷ್–ಕನ್ನಡ ನಿಘಂಟು ಮತ್ತು ತರಗತಿಯ ಪಠ್ಯಪುಸ್ತಕ ಇರಲಿ. ಪುಸ್ತಕ ಕಳೆದಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಅದರ ಪಿಡಿಎಫ್ ಅನ್ನು ಹಣ ಕೊಡದೆ ಇಳಿಸಿಕೊಳ್ಳಬಹುದು.

ಹಳೆಯ ಪ್ರಶ್ನೆಪತ್ರಿಕೆಗಳು ಬೇಕು, ಆದರೆ ಅವುಗಳ ಸರದಿ ಕೊನೆಗೆ. ಡೈಜೆಸ್ಟ್ ಮತ್ತು ಗೈಡುಗಳನ್ನು ಆರನೆಯ ಹಂತ ಮುಗಿಯುವವರೆಗೆ ಮುಚ್ಚಿಡಿ. ಸಿದ್ಧ ಉತ್ತರ ಕಣ್ಣೆದುರಿಗಿದ್ದರೆ ಪ್ಯಾಸೇಜನ್ನು ಎರಡನೆಯ ಸಲ ಓದುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ. ಮೊಬೈಲಿನ ಅನುವಾದದ ಆ್ಯಪ್‌ನಲ್ಲಿ ಒಂದೊಂದೇ ಪದದ ಅರ್ಥ ನೋಡುವುದಕ್ಕೆ ಅಡ್ಡಿಯಿಲ್ಲ. ಇಡೀ ಪ್ಯಾರಾವನ್ನು ಅದಕ್ಕೆ ಕೊಟ್ಟರೆ ಮಾತ್ರ ಓದುವ ಕೆಲಸವನ್ನು ಆ್ಯಪ್ ಮಾಡುತ್ತದೆ, ವಿದ್ಯಾರ್ಥಿ ಮಾಡುವುದಿಲ್ಲ.

ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ನೋಟ್‌ಬುಕ್ಕಿನಲ್ಲಿ ಅವುಗಳನ್ನು ಇಂಗ್ಲಿಷ್ ಲಿಪಿಯಲ್ಲೇ ಬರೆದುಕೊಳ್ಳಬೇಕು. ಪಾಠದ ಸಾಲುಗಳ ಮೇಲೆ ಪೆನ್ಸಿಲಿನಿಂದ ಕನ್ನಡದಲ್ಲಿ ಉಚ್ಚಾರಣೆ ಬರೆದು ಓದುವ ಅಭ್ಯಾಸ ಎಂಟನೆಯ ತರಗತಿಯ ನಂತರವೂ ಮುಂದುವರಿದರೆ ಕಣ್ಣು ಕನ್ನಡವನ್ನೇ ಓದುತ್ತದೆ, ಸ್ಪೆಲ್ಲಿಂಗ್ ಎಂದಿಗೂ ಕೈಗೆ ಹತ್ತುವುದಿಲ್ಲ.

ಮುಂದಿನ ಎಲ್ಲ ಹಂತಗಳಿಗೂ ಈ ಒಂದೇ ಪ್ಯಾಸೇಜನ್ನು ಬಳಸೋಣ:

ಸಲೀಮ್, ಹೂ ಲರ್ನ್ಟ್ ದ ಕ್ರಾಫ್ಟ್ ಫ್ರಮ್ ಹಿಸ್ ಫಾದರ್, ವರ್ಕ್ಸ್ ನಿಯರ್ ದ ಫೋರ್ಟ್ ಇನ್ ಬೀದರ್. ಹಿ ಮೇಕ್ಸ್ ಬಿದ್ರಿ ವಾಸಸ್. ದ ಮೆಟಲ್ ಈಸ್ ಎ ಮಿಕ್ಸ್ಚರ್ ಆಫ್ ಜಿಂಕ್ ಅಂಡ್ ಕಾಪರ್. ಸಿಲ್ವರ್ ವೈರ್ ಈಸ್ ಪ್ರೆಸ್ಡ್ ಇಂಟು ಇಟ್. ದೆನ್ ದ ವಾಸ್ ಈಸ್ ರಬ್ಡ್ ವಿತ್ ಎ ಪೇಸ್ಟ್ ಮೇಡ್ ಫ್ರಮ್ ದ ಸಾಯಿಲ್ ಆಫ್ ದ ಫೋರ್ಟ್. ದ ಮೆಟಲ್ ಟರ್ನ್ಸ್ ಬ್ಲ್ಯಾಕ್, ಬಟ್ ದ ಸಿಲ್ವರ್ ಡಸ್ ನಾಟ್.

ಹಂತ 1: ಪ್ರತಿ ವಾಕ್ಯದ ಕ್ರಿಯಾಪದಕ್ಕೆ ಗೆರೆ ಎಳೆಯುವುದು

ಅರ್ಥ ಹೇಳುವ ಅವಸರ ಬೇಡ. ಪೆನ್ಸಿಲ್ ಹಿಡಿದು ಪ್ರತಿ ವಾಕ್ಯದಲ್ಲಿ ಕ್ರಿಯಾಪದ ಎಲ್ಲಿದೆ ಎಂಬುದನ್ನು ಮಾತ್ರ ಹುಡುಕಿ, ಅದರ ಕೆಳಗೆ ಗೆರೆ ಎಳೆಯಿರಿ. ‘ಮೇಕ್ಸ್’, ‘ಟರ್ನ್ಸ್’ ಸುಲಭವಾಗಿ ಸಿಗುತ್ತವೆ. ‘ಈಸ್’ ಕೂಡ ಕ್ರಿಯಾಪದವೇ ಎಂಬುದನ್ನು ಅನೇಕರು ಮರೆಯುತ್ತಾರೆ.

ಐದನೆಯ ವಾಕ್ಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಅಲ್ಲಿ ‘ಈಸ್ ರಬ್ಡ್’ ಇದೆ, ‘ಮೇಡ್’ ಕೂಡ ಇದೆ. ಯಾವುದು ವಾಕ್ಯದ ಕ್ರಿಯಾಪದ? ಇದಕ್ಕೊಂದು ಸರಳ ಪರೀಕ್ಷೆಯುಂಟು: ವಾಕ್ಯವನ್ನು ‘ನಿನ್ನೆ ನಡೆದದ್ದು’ ಎಂದು ಬದಲಿಸಿ ನೋಡಿ. ‘ಈಸ್ ರಬ್ಡ್’ ಎಂಬುದು ‘ವಾಸ್ ರಬ್ಡ್’ ಆಗುತ್ತದೆ. ‘ಮೇಡ್’ ಇದ್ದಲ್ಲೇ ಇರುತ್ತದೆ. ಕಾಲ ಬದಲಾದಾಗ ಯಾವುದು ಬದಲಾಯಿತೋ ಅದೇ ವಾಕ್ಯವನ್ನು ಹೊತ್ತಿರುವ ಕ್ರಿಯಾಪದ. ‘ಮೇಡ್ ಫ್ರಮ್ ದ ಸಾಯಿಲ್’ ಎಂಬುದು ಯಾವ ಪೇಸ್ಟ್ ಎಂದು ಹೇಳುವ ವಿಶೇಷಣವಷ್ಟೆ, ಕನ್ನಡದ ‘ಮಣ್ಣಿನಿಂದ ಮಾಡಿದ’ ಇದ್ದ ಹಾಗೆ.

ಪಠ್ಯಪುಸ್ತಕದಲ್ಲಿ ಈಗಾಗಲೇ ಮುಗಿದ ಪಾಠಗಳ ಒಂದೊಂದು ಪ್ಯಾರಾ ತೆಗೆದುಕೊಂಡು ದಿನವೂ ಇದನ್ನೇ ಮಾಡಬೇಕು. ಕೈ ತಡೆಯದೆ ಗೆರೆ ಎಳೆಯುವಂತಾಗುವವರೆಗೆ ಮುಂದಿನ ಹಂತಕ್ಕೆ ಹೋಗುವುದು ಬೇಡ.

ಹಂತ 2: ಆ ಕ್ರಿಯಾಪದ ಯಾರದು ಎಂದು ಕೇಳುವುದು

ಈಗ ಮೊದಲ ವಾಕ್ಯಕ್ಕೆ ಬನ್ನಿ. ‘ವರ್ಕ್ಸ್’ ಎಂಬುದಕ್ಕೆ ಗೆರೆ ಎಳೆದಾಯಿತು. ಕೋಟೆಯ ಹತ್ತಿರ ಕೆಲಸ ಮಾಡುವವರು ಯಾರು? ತರಗತಿಯಲ್ಲಿ ಕೇಳಿ ನೋಡಿ, ‘ಫಾದರ್’ ಎಂಬ ಉತ್ತರ ಖಂಡಿತ ಬರುತ್ತದೆ, ಏಕೆಂದರೆ ‘ವರ್ಕ್ಸ್’ ಪದದ ಪಕ್ಕದಲ್ಲೇ ‘ಫಾದರ್’ ಇದೆ. ಕೆಲಸ ಮಾಡುವವನು ಸಲೀಮ್.

ಕನ್ನಡದಲ್ಲಿ ವಿವರಣೆ ಹೆಸರಿನ ಮುಂಚೆಯೇ ಬಂದು ಮುಗಿಯುತ್ತದೆ: ‘ತಂದೆಯಿಂದ ಕಸುಬು ಕಲಿತ ಸಲೀಮ್’. ಇಂಗ್ಲಿಷಿನಲ್ಲಿ ಹೆಸರು ಮೊದಲು ಬಂದು, ‘ಹೂ’, ‘ವಿಚ್’, ‘ದಟ್’ ಹಿಡಿದು ವಿವರಣೆ ಅದರ ಹಿಂದೆ ಹೋಗುತ್ತದೆ. ಹಾಗಾಗಿ ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಐದಾರು ಪದಗಳ ಅಂತರ ಬೀಳುತ್ತದೆ. ಉಪಾಯವಿಷ್ಟೆ: ‘ಹೂ’ ಅಥವಾ ‘ವಿಚ್’ ಕಂಡಲ್ಲಿ ಒಂದು ಬ್ರಾಕೆಟ್ ತೆರೆಯಿರಿ, ಆ ವಿವರಣೆ ಮುಗಿದಲ್ಲಿ ಮುಚ್ಚಿ, ಬ್ರಾಕೆಟ್ಟಿನೊಳಗಿನದನ್ನು ಬಿಟ್ಟು ಓದಿ. ‘ಸಲೀಮ್ ವರ್ಕ್ಸ್ ನಿಯರ್ ದ ಫೋರ್ಟ್’ ಎಂದು ವಾಕ್ಯ ತಾನಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ಉದಾಹರಣೆಯಲ್ಲಿ ಎರಡು ಅಲ್ಪವಿರಾಮಗಳು ಬ್ರಾಕೆಟ್ಟಿನ ಗಡಿಯನ್ನು ತೋರಿಸುತ್ತವೆ. ಅವು ಇಲ್ಲದ ವಾಕ್ಯಗಳಲ್ಲಿ ಎರಡನೆಯ ಕ್ರಿಯಾಪದ ಬರುವ ಮುಂಚೆ ಮುಚ್ಚಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಸರ್ವನಾಮಗಳನ್ನೂ ಈ ಹಂತದಲ್ಲೇ ನೋಡಿಕೊಳ್ಳಬೇಕು. ‘ಹಿ’, ‘ಇಟ್’, ‘ದೇ’ ಬಂದಾಗಲೆಲ್ಲ ಅದರಿಂದ ಹಿಂದಿನ ಹೆಸರಿಗೆ ಪೆನ್ಸಿಲಿನಿಂದ ಬಾಣ ಹಾಕಿ. ನಾಲ್ಕನೆಯ ವಾಕ್ಯದ ‘ಇಟ್’ ಎಂದರೆ ‘ಮೆಟಲ್’. ಪಕ್ಕದಲ್ಲಿರುವ ‘ವೈರ್’ ಅಲ್ಲ.

ಹಂತ 3: ‘ಬಿ’, ‘ಡು’, ‘ಹ್ಯಾವ್’

ಈ ಮೂರು ಕ್ರಿಯಾಪದಗಳ ಎಲ್ಲ ರೂಪಗಳನ್ನು ಒಂದು ಪುಟದಲ್ಲಿ ಬರೆದು ಗೋಡೆಗೆ ಅಂಟಿಸಿ. ಇವು ಬಾಯಿಪಾಠ ಆಗಲೇಬೇಕು.

‘ನಮ್ಮ ಅಪ್ಪ ರೈತ’ ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಅದನ್ನೇ ನಂಬಿ ಬರೆದಾಗ ‘ಮೈ ಫಾದರ್ ಫಾರ್ಮರ್’ ಎಂದಾಗುತ್ತದೆ. ‘ಮೈ ಫಾದರ್ ಈಸ್ ಎ ಫಾರ್ಮರ್’ ಎನ್ನಬೇಕು. ಇಂಗ್ಲಿಷ್ ವಾಕ್ಯಕ್ಕೆ ಕ್ರಿಯಾಪದ ಬೇಕೇ ಬೇಕು. ಇದನ್ನು ತಿದ್ದಿದ ಕೆಲವೇ ದಿನಗಳಲ್ಲಿ ತಪ್ಪು ಇನ್ನೊಂದು ದಿಕ್ಕಿಗೆ ತಿರುಗುತ್ತದೆ: ‘ಐ ಆಮ್ ಗೋ’, ‘ಹಿ ಈಸ್ ವರ್ಕ್ಸ್’. ಎಲ್ಲೆಡೆ ‘ಈಸ್’ ತುರುಕುವ ಈ ಕಾಲದಲ್ಲಿ ವಿದ್ಯಾರ್ಥಿಯನ್ನು ಗದರಿಸಬಾರದು. ‘ಈಸ್’ ಮತ್ತು ‘ವರ್ಕ್ಸ್’ ಎರಡೂ ತಮ್ಮಷ್ಟಕ್ಕೆ ಪೂರ್ಣ ಕ್ರಿಯಾಪದಗಳು, ಒಂದನ್ನು ಇಟ್ಟು ಒಂದನ್ನು ತೆಗೆಯಬೇಕು ಎಂದಷ್ಟೇ ತೋರಿಸಿದರೆ ಸಾಕು.

‘ನನಗೆ’ ಎಂದು ಶುರುವಾಗುವ ವಾಕ್ಯಗಳ ಬಗ್ಗೆಯೂ ಎಚ್ಚರ ಬೇಕು. ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಎಂಬುದು ‘ಐ ಹ್ಯಾವ್’ ಎಂದೂ, ‘ನನಗೆ ಹಸಿವಾಗಿದೆ’ ಎಂಬುದು ‘ಐ ಆಮ್ ಹಂಗ್ರಿ’ ಎಂದೂ ಆಗುತ್ತದೆ. ಎರಡಕ್ಕೂ ‘ಟು ಮಿ’ ಹತ್ತಿರ ಸುಳಿಯಬಾರದು.

ಹಂತ 4: ಹನ್ನೆರಡರ ಬದಲು ಐದು ಟೆನ್ಸ್

ಪಠ್ಯದ ಪ್ಯಾರಾಗಳನ್ನು ಮುಂದಿಟ್ಟುಕೊಂಡು ನೋಡಿದರೆ ಹೆಚ್ಚಿನ ಕೆಲಸವನ್ನು ಐದು ರೂಪಗಳೇ ಮಾಡುತ್ತಿರುತ್ತವೆ: ಸಿಂಪಲ್ ಪ್ರೆಸೆಂಟ್, ಸಿಂಪಲ್ ಪಾಸ್ಟ್, ಪ್ರೆಸೆಂಟ್ ಕಂಟಿನ್ಯುಯಸ್, ಪ್ರೆಸೆಂಟ್ ಪರ್ಫೆಕ್ಟ್ ಮತ್ತು ‘ವಿಲ್’ ಬರುವ ಫ್ಯೂಚರ್. ಉಳಿದವುಗಳನ್ನು ಓದಿನಲ್ಲಿ ಎದುರಾದಾಗ ನೋಡಿಕೊಂಡರಾಯಿತು. ಎಲ್ಲವನ್ನೂ ಒಂದೇ ವಾರದಲ್ಲಿ ಪಟ್ಟಿಯಿಂದ ಕಲಿಸಿದರೆ ಒಂದೂ ನಿಲ್ಲುವುದಿಲ್ಲ.

ಕನ್ನಡದ ‘ಬರುತ್ತೇನೆ’ ಎರಡು ಕೆಲಸ ಮಾಡುತ್ತದೆ ಎಂಬುದು ಇಲ್ಲಿನ ಮುಖ್ಯ ತೊಡಕು. ‘ದಿನಾ ಬರುತ್ತೇನೆ’ ಎಂಬುದಕ್ಕೆ ‘ಐ ಕಮ್’, ‘ನಾಳೆ ಬರುತ್ತೇನೆ’ ಎಂಬುದಕ್ಕೆ ‘ಐ ವಿಲ್ ಕಮ್’. ಬರೆಯುವ ಮುನ್ನ ‘ದಿನಾ?’ ಅಥವಾ ‘ನಾಳೆ?’ ಎಂದು ತನ್ನನ್ನೇ ಕೇಳಿಕೊಳ್ಳುವ ರೂಢಿಯಾಗಬೇಕು.

ಕಂಟಿನ್ಯುಯಸ್‌ಗೆ ನಮ್ಮ ಆಡುಮಾತೇ ನೆರವಾಗುತ್ತದೆ. ಕಲಬುರಗಿಯ ಹುಡುಗ ‘ಓದ್ಲಿಕ್ಕತ್ತೀನಿ’ ಎನ್ನುವ ಕಡೆಯೆಲ್ಲ ‘ಐ ಆಮ್ ರೀಡಿಂಗ್’ ಬರುತ್ತದೆ ಎಂದು ತೋರಿಸಿದರೆ ವ್ಯಾಖ್ಯಾನದ ಅಗತ್ಯವೇ ಬೀಳುವುದಿಲ್ಲ. ಅದೇ ಅಳತೆಯಿಂದ ‘ಐ ಆಮ್ ನೋಯಿಂಗ್ ಹಿಮ್’ ಏಕೆ ತಪ್ಪು ಎಂಬುದೂ ತಿಳಿಯುತ್ತದೆ. ‘ಅಂವ ನನಗ ಗೊತ್ತದ’ ಎನ್ನುತ್ತೇವೆಯೇ ಹೊರತು ಅಲ್ಲಿ ‘ಲಿಕ್ಕತ್ತೀನಿ’ ಹಚ್ಚುವುದಿಲ್ಲ. ಪುಸ್ತಕದ ಕನ್ನಡಕ್ಕಿಂತ ಈ ವಿಷಯದಲ್ಲಿ ಮನೆಯ ಕನ್ನಡ ಒಳ್ಳೆಯ ಮೇಷ್ಟ್ರು.

ಸಿಂಪಲ್ ಪ್ರೆಸೆಂಟಿನಲ್ಲಿ ಏಕವಚನದ ಮೂರನೆಯವರಿಗೆ ಸೇರುವ ‘ಎಸ್’ ಅಕ್ಷರ ಬಿಟ್ಟುಹೋಗುವುದು ವರ್ಷಗಟ್ಟಲೆ ಉಳಿಯುವ ತಪ್ಪು. ಬರೆದು ಮುಗಿಸಿದ ಮೇಲೆ ಕೆಂಪು ಪೆನ್ನಿನಿಂದ ಅದೊಂದನ್ನೇ ಹುಡುಕಿ ತಿದ್ದುವ ಪ್ರತ್ಯೇಕ ಓದು ಇಟ್ಟುಕೊಳ್ಳಿ. ಆರ್ಟಿಕಲ್‌ಗಳಿಗೆ ಈಗ ಹೆಚ್ಚು ಸಮಯ ಕೊಡಬೇಡಿ; ‘ದ’ ಬಿಟ್ಟರೂ ಅರ್ಥ ಕೆಡುವುದು ಅಪರೂಪ, ಕ್ರಿಯಾಪದ ಕೆಟ್ಟರೆ ವಾಕ್ಯವೇ ಕೆಡುತ್ತದೆ.

ಹಂತ 5: ಪ್ರಶ್ನೆಯನ್ನು ಬಿಚ್ಚಿ ಉತ್ತರ ಕಟ್ಟುವುದು

ಈ ಹಂತವನ್ನು ಬಹುತೇಕ ಎಲ್ಲರೂ ಹಾರಿಸಿಬಿಡುತ್ತಾರೆ, ಸಾಲನ್ನು ಹಾಗೆಯೇ ಇಳಿಸುವ ರೋಗಕ್ಕೆ ಮದ್ದಿರುವುದು ಇಲ್ಲಿಯೇ.

‘ವೈ ಡಸ್ ದ ಮೆಟಲ್ ಟರ್ನ್ ಬ್ಲ್ಯಾಕ್?’ ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳಿ. ಮೊದಲು ‘ವೈ’ ಪದಕ್ಕೆ ವೃತ್ತ ಹಾಕಿ ಬದಿಗಿಡಿ. ನಂತರ ‘ಡಸ್’ ತೆಗೆಯಿರಿ. ‘ಡಸ್’ ಹೋಗುವಾಗ ತನ್ನ ‘ಎಸ್’ ಅನ್ನು ಮುಖ್ಯ ಕ್ರಿಯಾಪದಕ್ಕೆ ಕೊಟ್ಟು ಹೋಗುತ್ತದೆ: ‘ಟರ್ನ್’ ಎಂಬುದು ‘ಟರ್ನ್ಸ್’ ಆಗುತ್ತದೆ. ಈಗ ಉತ್ತರದ ಮೊದಲರ್ಧ ಸಿದ್ಧ: ‘ದ ಮೆಟಲ್ ಟರ್ನ್ಸ್ ಬ್ಲ್ಯಾಕ್ ಬಿಕಾಸ್’. ಉಳಿದರ್ಧವನ್ನು ಪ್ಯಾಸೇಜಿನಿಂದ ತರಬೇಕು: ‘ಇಟ್ ಈಸ್ ರಬ್ಡ್ ವಿತ್ ಎ ಪೇಸ್ಟ್ ಮೇಡ್ ಫ್ರಮ್ ದ ಸಾಯಿಲ್ ಆಫ್ ದ ಫೋರ್ಟ್’.

ಪದ ಹುಡುಕಿ ಸಾಲು ಇಳಿಸುವ ವಿದ್ಯಾರ್ಥಿ ಇಲ್ಲಿ ಏನು ಬರೆಯುತ್ತಾನೆ ಎಂಬುದನ್ನು ಗಮನಿಸಿ. ಪ್ರಶ್ನೆಯಲ್ಲಿ ‘ಬ್ಲ್ಯಾಕ್’ ಇದೆ, ಕೊನೆಯ ಸಾಲಿನಲ್ಲೂ ‘ಬ್ಲ್ಯಾಕ್’ ಇದೆ. ಆದ್ದರಿಂದ ‘ದ ಮೆಟಲ್ ಟರ್ನ್ಸ್ ಬ್ಲ್ಯಾಕ್, ಬಟ್ ದ ಸಿಲ್ವರ್ ಡಸ್ ನಾಟ್’ ಎಂದು ಇಳಿಸುತ್ತಾನೆ. ಕೇಳಿದ್ದು ಕಾರಣ, ಕೊಟ್ಟಿದ್ದು ಪ್ರಶ್ನೆಯ ಪುನರಾವರ್ತನೆ. ಕಾರಣವಿದ್ದದ್ದು ಅದರ ಹಿಂದಿನ ಸಾಲಿನಲ್ಲಿ, ಅದೂ ‘ಬಿಕಾಸ್’ ಎಂಬ ಪದವಿಲ್ಲದೆ.

‘ಡಿಡ್’ ಇರುವ ಪ್ರಶ್ನೆಗೂ ಇದೇ ಕ್ರಮ. ‘ಹೂಮ್ ಡಿಡ್ ಸಲೀಮ್ ಲರ್ನ್ ಫ್ರಮ್?’ ಎಂದಾಗ ‘ಡಿಡ್’ ಹೋಗುತ್ತಾ ಭೂತಕಾಲವನ್ನು ‘ಲರ್ನ್’ ಪದಕ್ಕೆ ಬಿಟ್ಟುಹೋಗುತ್ತದೆ: ‘ಸಲೀಮ್ ಲರ್ನ್ಟ್ ಫ್ರಮ್ ಹಿಸ್ ಫಾದರ್’. ‘ಸಲೀಮ್ ಡಿಡ್ ಲರ್ನ್’ ಎಂದೋ ‘ಸಲೀಮ್ ಲರ್ನ್’ ಎಂದೋ ಬರೆದರೆ ಇನ್ನೂ ಅಭ್ಯಾಸ ಬೇಕು ಎಂದರ್ಥ. ‘ಹೂ ವರ್ಕ್ಸ್ ನಿಯರ್ ದ ಫೋರ್ಟ್?’ ಎಂಬಂಥ ಪ್ರಶ್ನೆಯಲ್ಲಿ ‘ಡು’ ಇರುವುದೇ ಇಲ್ಲ. ‘ಹೂ’ ಇದ್ದ ಜಾಗದಲ್ಲಿ ಹೆಸರನ್ನಿಟ್ಟರೆ ಉತ್ತರ ಮುಗಿಯಿತು.

ಇದನ್ನು ಮೊದಲು ಬಾಯಲ್ಲಿ, ಇಬ್ಬಿಬ್ಬರಾಗಿ ಕುಳಿತು, ಒಬ್ಬರು ಕೇಳಿ ಇನ್ನೊಬ್ಬರು ಹೇಳುವಂತೆ ಮಾಡುವುದು ಉತ್ತಮ. ನಂತರ ಪಾತ್ರ ಬದಲಿಸಿ. ಪ್ರಶ್ನೆ ಕಟ್ಟಲು ಬಂದವರಿಗೆ ಉತ್ತರ ಕಟ್ಟುವುದು ಕಷ್ಟವಾಗುವುದಿಲ್ಲ.

ಹಂತ 6: ಓದಿರದ ಪ್ಯಾಸೇಜನ್ನು ಮೂರು ಸುತ್ತಿನಲ್ಲಿ ಓದುವುದು

ಮೊದಲು ಪ್ರಶ್ನೆಗಳನ್ನು ಒಂದು ಸಲ ಓದಿ, ಪ್ರಶ್ನಾಪದಕ್ಕೆ ಮಾತ್ರ ವೃತ್ತ ಹಾಕಿ. ಪ್ರಶ್ನೆಯಿಂದ ಪದ ಎತ್ತಿಕೊಂಡು ಹುಡುಕಾಟಕ್ಕೆ ಇಳಿಯಬಾರದು.

ಮೊದಲ ಸುತ್ತಿನಲ್ಲಿ ಎಲ್ಲೂ ನಿಲ್ಲದೆ ಕೊನೆಯವರೆಗೆ ಓದಿ, ಯಾರ ಬಗ್ಗೆ ಅಥವಾ ಯಾವುದರ ಬಗ್ಗೆ ಇದೆ ಎಂಬುದನ್ನು ಕನ್ನಡದಲ್ಲಿ ಒಂದೇ ವಾಕ್ಯದಲ್ಲಿ ಹೇಳಿಕೊಳ್ಳಿ. ಎರಡನೆಯ ಸುತ್ತಿನಲ್ಲಿ ಗೆರೆ, ಬ್ರಾಕೆಟ್, ಬಾಣ ಹಾಕುವ ಕೆಲಸ. ಮೂರನೆಯದರಲ್ಲಿ ಪ್ರತಿ ಪ್ರಶ್ನೆಯ ಉತ್ತರವಿರುವ ಸಾಲಿನ ಪಕ್ಕ ಪ್ರಶ್ನೆಯ ಸಂಖ್ಯೆ ಬರೆಯಿರಿ. ‘ವೈ’ ಮತ್ತು ‘ಹೌ’ ಪ್ರಶ್ನೆಗಳಿಗೆ ಸಂಖ್ಯೆ ಹಾಕುವ ಮುನ್ನ ಆ ಸಾಲಿನ ಹಿಂದಿನ ಮತ್ತು ಮುಂದಿನ ಸಾಲನ್ನೂ ನೋಡಬೇಕು.

‘ಬಟ್’, ‘ದೋ’, ‘ಹೌಎವರ್’, ‘ಸೋ’, ‘ಅನ್‌ಲೆಸ್’ ಮುಂತಾದ ಜೋಡಣೆಯ ಪದಗಳು ಕಣ್ಣಿಗೆ ಬೀಳಲೇಬೇಕು. ನಮ್ಮ ಪ್ಯಾಸೇಜಿನ ಕೊನೆಯಲ್ಲಿ ‘ದ ಸಿಲ್ವರ್ ಡಸ್ ನಾಟ್’ ಎಂದಿದೆ. ಏನು ‘ಡಸ್ ನಾಟ್’? ಇಂಗ್ಲಿಷ್ ಅಲ್ಲಿ ಮಾತನ್ನು ಅರ್ಧಕ್ಕೆ ಬಿಟ್ಟಿದೆ. ಬೆಳ್ಳಿ ಕಪ್ಪಾಗುವುದಿಲ್ಲ ಎಂದು ‘ಬಟ್’ ಹಿಂದಿನ ಭಾಗದಿಂದ ತುಂಬಿಕೊಳ್ಳಬೇಕು. ಕಪ್ಪು ಮೈಮೇಲೆ ಬೆಳ್ಳಿಯ ಕುಸುರಿ ಎದ್ದು ಕಾಣುವ ಬಿದ್ರಿ ಸಾಮಾನನ್ನು ನೋಡಿದವರಿಗೆ ಇದು ಕೂಡಲೇ ಹೊಳೆಯುತ್ತದೆ, ಆದರೆ ಎಲ್ಲ ಪ್ಯಾಸೇಜುಗಳೂ ಪರಿಚಿತ ವಿಷಯದ ಮೇಲೆ ಇರುವುದಿಲ್ಲ.

ಗೊತ್ತಿಲ್ಲದ ಪದ ಸಿಕ್ಕರೆ ನಿಲ್ಲಬೇಡಿ. ಅದಿಲ್ಲದೆ ವಾಕ್ಯ ನಡೆಯುತ್ತದೆಯೇ ನೋಡಿ. ನಡೆಯದಿದ್ದರೆ ಅದು ಕ್ರಿಯಾಪದದ ಜಾಗದಲ್ಲಿದೆಯೋ ಹೆಸರಿನ ಜಾಗದಲ್ಲಿದೆಯೋ ನೋಡಿ ಊಹಿಸಿ. ನಿಘಂಟನ್ನು ಅಭ್ಯಾಸ ಮುಗಿದ ಮೇಲೆ ತೆರೆಯಬೇಕು. ಚಿಕ್ಕ ನಿಘಂಟಿನಲ್ಲಿ ‘ರಬ್ಡ್’ ಎಂದು ಹುಡುಕಿದರೆ ಸಿಗದೆ, ‘ಈ ಪದವೇ ಇಲ್ಲ’ ಎಂದು ಬಿಟ್ಟುಬಿಡುವವರಿದ್ದಾರೆ. ಕೊನೆಯ ‘ಇಡಿ’ ತೆಗೆದು, ಎರಡು ‘ಬಿ’ಗಳಲ್ಲಿ ಒಂದನ್ನು ಬಿಟ್ಟು ‘ರಬ್’ ಎಂಬ ಮೂಲರೂಪವನ್ನು ಹುಡುಕಬೇಕು.

ಹಂತ 7: ಪ್ಯಾಸಿವ್ ವಾಯ್ಸ್ ಮತ್ತು ರಿಪೋರ್ಟೆಡ್ ಸ್ಪೀಚ್

ಇವೆರಡನ್ನು ಮೊದಲಿಗೇ ಕಲಿಸುವುದು ದೊಡ್ಡ ತಪ್ಪು. ಕ್ರಿಯಾಪದದ ಮೂರು ರೂಪಗಳು ಕೈವಶವಾಗದೆ ಇವು ಬರುವುದಿಲ್ಲ.

ಪ್ಯಾಸಿವ್ ಕಲಿಯಲು ಸೂತ್ರದ ಬದಲು ‘ಸಿಲ್ವರ್ ವೈರ್ ಈಸ್ ಪ್ರೆಸ್ಡ್’ ಎಂಬ ವಾಕ್ಯದಿಂದಲೇ ಶುರುಮಾಡಿ. ಒತ್ತಿ ಕೂರಿಸುವವರು ಯಾರು? ವಾಕ್ಯ ಹೇಳುವುದಿಲ್ಲ. ಕನ್ನಡದಲ್ಲಿ ನಾವು ‘ತಂತಿಯನ್ನು ಕೂರಿಸುತ್ತಾರೆ’ ಎಂದು ಸುಮ್ಮನಾಗುವ ಕಡೆ ಇಂಗ್ಲಿಷ್ ಪ್ಯಾಸಿವ್ ಬಳಸುತ್ತದೆ. ರಿಪೋರ್ಟೆಡ್ ಸ್ಪೀಚಿನಲ್ಲಿ ತೊಡಕಾಗುವುದು ಕನ್ನಡದ ‘ಎಂದು’ ಮಾತನಾಡಿದವನ ‘ನಾನು’ ಪದವನ್ನು ಹಾಗೆಯೇ ಉಳಿಸುವುದರಿಂದ: ‘ನಾನು ಬರುತ್ತೇನೆ ಎಂದು ಹೇಳಿದ’. ಇಂಗ್ಲಿಷಿನಲ್ಲಿ ‘ಹಿ ಸೆಡ್ ದಟ್ ಹಿ ವುಡ್ ಕಮ್’ ಎಂದು ‘ಐ’ ಬದಲಾಗುತ್ತದೆ, ‘ವಿಲ್’ ಕೂಡ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ.

ಹಂತ 8: ಗಡಿಯಾರ ಇಟ್ಟು ಬರೆಯುವುದು

ಎಸ್‌ಎಸ್‌ಎಲ್‌ಸಿ ದ್ವಿತೀಯ ಭಾಷೆ ಇಂಗ್ಲಿಷಿನಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಪ್ರಶ್ನೆಪತ್ರಿಕೆ ಓದಲು ಕೊಡುವ ಮೊದಲ 15 ನಿಮಿಷದಲ್ಲಿ ಹೆಚ್ಚಿನವರು ಕಂಠಪಾಠ ಮಾಡಿದ ಪದ್ಯ, ಪತ್ರಗಳು ಬಂದಿವೆಯೇ ಎಂದು ಹುಡುಕುತ್ತಾರೆ. ಓದಿರದ ಪ್ಯಾಸೇಜಿನ ಮೊದಲ ಸುತ್ತನ್ನು ಆ ಹೊತ್ತಿನಲ್ಲೇ ಮುಗಿಸಿಕೊಂಡರೆ ಉಳಿದದ್ದು ಹಗುರವಾಗುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಈಗ ತೆಗೆದು, ಮನೆಯಲ್ಲೇ ಗಡಿಯಾರ ಎದುರಿಗಿಟ್ಟು ಇದನ್ನು ರೂಢಿಸಿಕೊಳ್ಳಿ. ಕೊನೆಯಲ್ಲಿ ಉಳಿಯುವ ಸಮಯವನ್ನು ಕ್ರಿಯಾಪದ ಬಿಟ್ಟ ವಾಕ್ಯ, ಬಿಟ್ಟುಹೋದ ‘ಎಸ್’ ಹುಡುಕಲು ಮಾತ್ರ ಬಳಸಿ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋದರೆ ಸರಿಯಿದ್ದುದೂ ಕೆಡುತ್ತದೆ.

ಹಿಂದಿನ ಹಂತಕ್ಕೆ ಮರಳಬೇಕೆಂದು ತಿಳಿಸುವ ಲಕ್ಷಣಗಳು

ಉತ್ತರ ಸರಿಯಿದ್ದರೂ ‘ಇದು ಯಾರ ಬಗ್ಗೆ?’ ಎಂದು ಕನ್ನಡದಲ್ಲಿ ಕೇಳಿದಾಗ ವಿದ್ಯಾರ್ಥಿ ತಲೆ ತಗ್ಗಿಸಿದರೆ, ಆ ಉತ್ತರ ಊಹೆಯಿಂದ ಬಂದದ್ದು. ಎರಡನೆಯ ಹಂತಕ್ಕೆ ಹೋಗಿ. ಗಟ್ಟಿಯಾಗಿ ಓದುವಾಗ ಪೂರ್ಣವಿರಾಮ ದಾಟಿ ಓಡಿದರೆ ಮೊದಲ ಹಂತವೇ ಗಟ್ಟಿಯಾಗಿಲ್ಲ. ಬಿಟ್ಟ ಸ್ಥಳ ತುಂಬುವುದರಲ್ಲಿ ಪೂರ್ಣ ಅಂಕ ಪಡೆದು, ಸ್ವಂತ ವಾಕ್ಯದಲ್ಲಿ ಅದೇ ಟೆನ್ಸ್ ತಪ್ಪುವವರಿಗೆ ನಾಲ್ಕನೆಯ ಹಂತವನ್ನು ಪಠ್ಯದ ಪ್ಯಾರಾದಿಂದಲೇ ಮತ್ತೆ ಮಾಡಿಸಬೇಕು, ಇನ್ನೊಂದು ಅಭ್ಯಾಸ ಪುಸ್ತಕದಿಂದಲ್ಲ.

ಹತ್ತಿ ಬಿಡಿಸುವ, ತೊಗರಿ ರಾಶಿಯ ದಿನಗಳಲ್ಲಿ ಹೊಲಕ್ಕೆ ಹೋಗಿ ಶಾಲೆ ತಪ್ಪಿಸಿಕೊಂಡವರು, ಮನೆಯವರೊಡನೆ ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗಿ ಬಂದವರು ನಮ್ಮ ತರಗತಿಗಳಲ್ಲಿ ಇದ್ದೇ ಇರುತ್ತಾರೆ. ಇಂಥವರನ್ನು ತರಗತಿ ತಲುಪಿದ ಪಾಠಕ್ಕೆ ನೇರವಾಗಿ ಕೂರಿಸಿದರೆ ಅವರು ಪಕ್ಕದವರ ನೋಟ್ಸ್ ನಕಲು ಮಾಡುವುದರಲ್ಲೇ ಉಳಿಯುತ್ತಾರೆ. ಯಾವ ಹಂತದಲ್ಲಿ ಬಿಟ್ಟುಹೋಗಿದ್ದರೋ ಅಲ್ಲಿಂದ, ತರಗತಿಯಲ್ಲಿ ಆ ವಾರ ನಡೆಯುತ್ತಿರುವ ಪಾಠದ ಪ್ಯಾರಾವನ್ನೇ ಬಳಸಿ ಶುರುಮಾಡಿಸಿ. ಗೆರೆ ಎಳೆಯುವ ಕೆಲಸಕ್ಕೆ ಹಿಂದಿನ ಪಾಠಗಳು ಗೊತ್ತಿರಬೇಕೆಂದಿಲ್ಲ.